ಊರು ಅಲ್ಲೇ, ಸರ್ಕಾರ ಬೇರೆ

ನಮ್ಮ ಸಂಘದ ಯಾವುದೇ ಸಭೆಯಲ್ಲಿ ಒಬ್ಬರು ಎದ್ದು ನಿಂತು “ಹೊರನಾಡಿನಲ್ಲಿ ಕನ್ನಡದ ಗತಿಯೇನು?” ಎಂದು ಕೇಳಿದರೆ ಎರಡು ಉತ್ತರಗಳು ತಯಾರಾಗಿಯೇ ಇರುತ್ತವೆ. ಕನ್ನಡ ಸಾಯುತ್ತಿದೆ ಎಂಬುದು ಒಂದು. ಸೂರ್ಯ ಚಂದ್ರರಿರುವ ತನಕ ಕನ್ನಡ ಸಾಯದು ಎಂಬುದು ಇನ್ನೊಂದು. ಎರಡಕ್ಕೂ ಒಂದೇ ಸಮ ಚಪ್ಪಾಳೆ ಬೀಳುತ್ತದೆ. ಆಮೇಲೆ ಉಪ್ಪಿಟ್ಟು, ಚಹ, ಮನೆಗೆ ಹೋಗಲು ಲೋಕಲ್ ಟ್ರೇನು. ಈ ಎರಡು ಉತ್ತರಗಳೂ ನನಗೆ ಸಾಕಾಗಿವೆ. ಆದ್ದರಿಂದ ಈ ಸಲ ನಮ್ಮ ಗೋಳನ್ನು ಬದಿಗಿಟ್ಟು ಬಹಳ ದೂರದ ಒಂದು ಸಣ್ಣ ಪಟ್ಟಣದ ವಿಷಯ ಬರೆಯುತ್ತಿದ್ದೇನೆ. ನಮಗೂ ಅದಕ್ಕೂ ಏನು ಸಂಬಂಧ ಅಂತ ಈಗಲೇ ಕೇಳಬೇಡಿ. ಓದ್ತಾ ಹೋದರೆ ತಾನಾಗಿಯೇ ಗೊತ್ತಾಗ್ತದೆ.

ಪಟ್ಟಣದ ಹೆಸರು ಬೆರೆಹೊವೆ. ಅಲ್ಲಿನ ಹಂಗೇರಿಯನ್ ಜನ ಕರೆಯುವುದು ಬೆರೆಗ್‌ಸಾಸ್ ಎಂದು. ಉಕ್ರೇನ್ ದೇಶದ ಪಶ್ಚಿಮದ ತುತ್ತತುದಿಯಲ್ಲಿ, ಕಾರ್ಪೇಥಿಯನ್ ಪರ್ವತಗಳ ಆಚೆ ಬದಿಯ ಬಯಲಿನಲ್ಲಿದೆ. ರಾಜಧಾನಿ ಕೀವ್‌ನಿಂದ ಹೊರಟವರು ಅರ್ಧ ದೇಶವನ್ನು ದಾಟಿ, ಬೆಟ್ಟವನ್ನೂ ದಾಟಿ ಕೆಳಗಿಳಿಯಬೇಕು. ಹಂಗೇರಿಯ ಗಡಿಯೋ, ಹತ್ತು ಕಿಲೋಮೀಟರಿನೊಳಗೆ. 2001ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ ಸುಮಾರು 26 ಸಾವಿರ. ಅದರಲ್ಲಿ ಶೇಕಡಾ 48 ಮಂದಿ ತಾವು ಹಂಗೇರಿಯನ್ನರು ಎಂದು ಬರೆಸಿದರು. ಪಟ್ಟಣದಲ್ಲಿ ರೋಮಾ ಜನರ ದೊಡ್ಡ ಕೇರಿಯೊಂದಿದೆ. ಅವರು ಮನೆಯಲ್ಲಿ ಆಡುವುದೂ ಹಂಗೇರಿಯನ್ನನ್ನೇ. ಸುತ್ತಲಿನ ಹಳ್ಳಿಗಳ ಆಗಿನ ತಾಲೂಕಿನಲ್ಲಿ ಹಂಗೇರಿಯನ್ನರು ಶೇಕಡಾ 76. ಆ ಮೇಲೆ ಉಕ್ರೇನಿನಲ್ಲಿ ಜನಗಣತಿಯೇ ನಡೆದಿಲ್ಲ. ಆದ್ದರಿಂದ ಇಂದಿಗೂ ವಾದ ಮಾಡುವವರೆಲ್ಲ ಇದೇ ಅಂಕಿಗಳನ್ನು ಹಿಡಿದೇ ವಾದ ಮಾಡುತ್ತಾರೆ.

ಈ ಕಡೆಯ ಹೆಸರು ನಮ್ಮ ಕಿವಿಗೆ ಬಿದ್ದದ್ದು 2022ರಲ್ಲಿ. ರಷ್ಯಾ ಯುದ್ಧ ಶುರುಮಾಡಿದಾಗ ಉಕ್ರೇನಿನಲ್ಲಿ ವೈದ್ಯಕೀಯ ಓದುತ್ತಿದ್ದ ಭಾರತದ ಹುಡುಗ ಹುಡುಗಿಯರು, ಅವರಲ್ಲಿ ಕರ್ನಾಟಕದವರೂ ಬಹಳ ಮಂದಿ, ಸಿಕ್ಕ ಸಿಕ್ಕ ರೈಲು ಹತ್ತಿ ಪಶ್ಚಿಮಕ್ಕೆ ಓಡಿದರಲ್ಲ, ಅವರಲ್ಲಿ ಅನೇಕರು ಹಂಗೇರಿಗೆ ದಾಟಿದ್ದು ಇದೇ ಪ್ರಾಂತದ ಚೋಪ್ ನಿಲ್ದಾಣದಿಂದ. ನಮ್ಮ ಪತ್ರಿಕೆಗಳಿಗೆ ಅದು ‘ಉಕ್ರೇನ್ ಗಡಿ’, ಅಷ್ಟೆ. ಆ ಗಡಿಯ ಎರಡೂ ಬದಿಯಲ್ಲಿ ಒಂದೇ ಭಾಷೆ ಆಡುವ ಜನ ಇದ್ದಾರೆ ಎಂಬುದನ್ನು ಯಾರೂ ಬರೆದಂತೆ ನನಗೆ ನೆನಪಿಲ್ಲ.

ಆ ಸೀಮೆಯವರು ಹೇಳಿಕೊಳ್ಳುವ ಒಂದು ಹಳೆಯ ನಗೆಮಾತಿದೆ. ಒಬ್ಬ ಮುದುಕನನ್ನು ಯಾರೋ ಕೇಳಿದರಂತೆ: ಅಜ್ಜಾ, ಹುಟ್ಟಿದ್ದೆಲ್ಲಿ? ಆಸ್ಟ್ರಿಯ-ಹಂಗೇರಿ ಸಾಮ್ರಾಜ್ಯದಲ್ಲಿ. ಶಾಲೆಗೆ ಹೋದದ್ದು? ಜೆಕೊಸ್ಲೊವಾಕಿಯಾದಲ್ಲಿ. ಮದುವೆ? ಹಂಗೇರಿಯಲ್ಲಿ. ನೌಕರಿ? ಸೋವಿಯತ್ ಒಕ್ಕೂಟದಲ್ಲಿ. ಈಗ ಪಿಂಚಣಿ? ಉಕ್ರೇನಿನಲ್ಲಿ. ಅಬ್ಬ, ಎಷ್ಟು ದೇಶ ಸುತ್ತಿದ್ದೀರಿ! ಎಲ್ಲಿಯ ಸುತ್ತಾಟವಪ್ಪ, ನಾನು ಊರು ಬಿಟ್ಟು ಕದಲಿಯೇ ಇಲ್ಲ.

ಇದು ನಗೆಮಾತಾದರೂ ಲೆಕ್ಕ ಸರಿಯಾಗಿದೆ. ಮೊದಲ ಮಹಾಯುದ್ಧದಲ್ಲಿ ಸೋತ ಹಂಗೇರಿಯನ್ನು 1920ರ ಜೂನ್ 4ರ ತ್ರಿಯಾನೊ ಒಪ್ಪಂದ ಕತ್ತರಿಸಿತು. ಈ ಸೀಮೆ ಜೆಕೊಸ್ಲೊವಾಕಿಯಾಕ್ಕೆ ಹೋಯಿತು. 1938ರ ನವೆಂಬರಿನಲ್ಲಿ ಹಿಟ್ಲರನ ಜರ್ಮನಿಯೂ ಇಟಲಿಯೂ ಕೂತು ಪಂಚಾಯಿತಿ ಮಾಡಿ ಮತ್ತೆ ಹಂಗೇರಿಗೆ ಕೊಡಿಸಿದವು. 1944ರಲ್ಲಿ ಸೋವಿಯತ್ ಸೇನೆ ಬಂತು, 1945ರಲ್ಲಿ ಕಾಗದದ ಮೇಲೂ ಸೋವಿಯತ್ ಉಕ್ರೇನಿಗೆ ಸೇರಿತು. 1991ರಲ್ಲಿ ಉಕ್ರೇನ್ ಸ್ವತಂತ್ರವಾಯಿತು. ಎಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಐದು ಬಾವುಟ. ಇದೇ ಪ್ರಾಂತದಲ್ಲಿ ಸೆಲ್ಮೆಂತ್ಸ್ ಎಂಬ ಹಳ್ಳಿಯ ಕತೆ ಇನ್ನೂ ವಿಚಿತ್ರ. ಎರಡನೆಯ ಮಹಾಯುದ್ಧದ ನಂತರ ಎಳೆದ ಗಡಿ ಆ ಹಳ್ಳಿಯ ನಡುವೆಯೇ ಹಾದುಹೋಯಿತು. ದೊಡ್ಡ ಸೆಲ್ಮೆಂತ್ಸ್ ಜೆಕೊಸ್ಲೊವಾಕಿಯಾಕ್ಕೆ, ಚಿಕ್ಕ ಸೆಲ್ಮೆಂತ್ಸ್ ಸೋವಿಯತ್ತಿಗೆ. ಅಣ್ಣ ಆ ಕಡೆ, ತಂಗಿ ಈ ಕಡೆ, ನಡುವೆ ಮುಳ್ಳುತಂತಿ. ಹುಟ್ಟು ಸಾವಿನ ಸುದ್ದಿಯನ್ನು ತಂತಿಯ ಈಚೆಯಿಂದ ಕೂಗಿ ಹೇಳಬೇಕಿತ್ತು. ನಡೆದು ದಾಟಲು ಅಲ್ಲಿ ಒಂದು ಬಾಗಿಲು ತೆರೆದದ್ದು 2005ರ ಡಿಸೆಂಬರಿನಲ್ಲಿ.

ನನ್ನ ತಾಯಿಯ ತವರು ಸೋಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿ. ಅಜ್ಜಿ ಹುಟ್ಟಿದಾಗ ಅದು ಅಕ್ಕಲಕೋಟ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತ ಆಯಿತು, 1960ರಲ್ಲಿ ಮಹಾರಾಷ್ಟ್ರ. 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕು ಎಂದು ಬರೆಯಿತು, ವರದಿ ಜಾರಿಯಾಗಲಿಲ್ಲ. “ನಾವೆಲ್ಲಿ ಹೋಗೇವೋ ಯಪ್ಪಾ, ಇಲ್ಲೇ ಅದೀವಿ. ಕಾಗದದ ಮ್ಯಾಲಿನ ಶಿಕ್ಕಾ ಬದಲಾತು ಅಷ್ಟ” ಅನ್ನುತ್ತಾಳೆ ಅಜ್ಜಿ. ಬೆರೆಹೊವೆಯ ಮುದುಕನ ಮಾತಿಗೂ ಇದಕ್ಕೂ ಎಷ್ಟು ಅಂತರ ನೋಡಿ, ಕೂದಲೆಳೆಯಷ್ಟು.

ಆದರೂ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ನಮ್ಮಲ್ಲಿ ರಾಜ್ಯ ಬದಲಾಯಿತೇ ಹೊರತು ದೇಶ ಬದಲಾಗಲಿಲ್ಲ, ಯಾರನ್ನೂ ರಾತ್ರೋರಾತ್ರಿ ಎತ್ತಿಕೊಂಡು ಹೋಗಲಿಲ್ಲ. ಬೆರೆಹೊವೆಯಲ್ಲಿ ಎತ್ತಿಕೊಂಡು ಹೋದರು, ಒಂದೇ ವರ್ಷದಲ್ಲಿ ಎರಡು ಸಲ. ಯುದ್ಧಕ್ಕೆ ಮೊದಲು ಊರಿನ ಸುಮಾರು ಮೂರರಲ್ಲೊಂದು ಪಾಲು ಯಹೂದಿಗಳು. 1944ರ ವಸಂತದಲ್ಲಿ, ಆಗ ಊರು ಹಂಗೇರಿಯ ಕೈಯಲ್ಲಿತ್ತು, ಅವರನ್ನೂ ಸುತ್ತಲಿನ ಹಳ್ಳಿಗಳ ಯಹೂದಿಗಳನ್ನೂ ಇಟ್ಟಿಗೆ ಕಾರ್ಖಾನೆಯಲ್ಲಿ ಕೂಡಿಹಾಕಿ, ಮೇ ತಿಂಗಳಲ್ಲಿ ಆಶ್ವಿಟ್ಸಿಗೆ ರೈಲಿನಲ್ಲಿ ಕಳಿಸಿದರು. ಆಶ್ವಿಟ್ಸಿನ ಪ್ಲಾಟ್‌ಫಾರ್ಮಿನಲ್ಲಿ ಮಕ್ಕಳ ಕೈ ಹಿಡಿದು ನಿಂತ ತಾಯಂದಿರ ಫೋಟೋಗಳನ್ನು ನೀವು ಎಲ್ಲಾದರೂ ನೋಡಿರಬಹುದು. ‘ಆಶ್ವಿಟ್ಸ್ ಆಲ್ಬಂ’ ಎಂದು ಹೆಸರಾದ ಆ ಚಿತ್ರಗಳಲ್ಲಿರುವ ಬಹಳ ಮಂದಿ ಈ ಸೀಮೆಯವರೇ. ಊರ ನಡುವಿನ ದೊಡ್ಡ ಸಿನಗಾಗ್‌ಗೆ ಸೋವಿಯತ್ ಕಾಲದಲ್ಲಿ ಕಾಂಕ್ರೀಟಿನ ಹೊದಿಕೆ ಹಾಕಿ ಸಂಸ್ಕೃತಿ ಭವನ ಮಾಡಿದರು. ಅದೇ ವರ್ಷದ ನವೆಂಬರಿನಲ್ಲಿ ಸೋವಿಯತ್ ಸೇನೆ ಡಂಗುರ ಸಾರಿಸಿತು: 18ರಿಂದ 50 ವರ್ಷದ ಹಂಗೇರಿಯನ್, ಜರ್ಮನ್ ಗಂಡಸರು ಹಾಜರಾಗಬೇಕು, ಮೂರು ದಿನದ ಸಣ್ಣ ಕೆಲಸ ಇದೆ. ಜನ ಮೂರು ದಿನದ ಬುತ್ತಿ ಕಟ್ಟಿಕೊಂಡು ಹೋದರು. ಸಾವಿರಾರು ಮಂದಿ ಶಿಬಿರಗಳಿಂದ ಹಿಂತಿರುಗಲೇ ಇಲ್ಲ. ರಷ್ಯನ್ನಿನಲ್ಲಿ ‘ಸಣ್ಣ ಕೆಲಸ’ ಎಂಬ ಅರ್ಥದ ‘ಮಲೆಂಕಿ ರೋಬೊತ್’ ಅಲ್ಲಿನ ಹಂಗೇರಿಯನ್ನಿನಲ್ಲಿ ಈಗ ಆ ದುರಂತದ ಹೆಸರೇ ಆಗಿದೆ. ಎರಡನೆಯದನ್ನು ಮಾತ್ರ ನೆನೆದು ಮೊದಲನೆಯದನ್ನು ಮರೆಯುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಅದಕ್ಕೇ ಎರಡನ್ನೂ ಒಟ್ಟಿಗೆ ಬರೆದೆ.

ಇನ್ನು ನನ್ನ ಮುಖ್ಯ ವಿಷಯ, ಶಾಲೆ.

ಸೋವಿಯತ್ ಕಾಲದಲ್ಲಿ ಈ ಹಳ್ಳಿಗಳ ಹಂಗೇರಿಯನ್ ಶಾಲೆಗಳನ್ನು ಮುಚ್ಚಲಿಲ್ಲ. ಅದನ್ನು ಒಪ್ಪಬೇಕು. ಉಜ್‌ಹೊರೊದ್ ವಿಶ್ವವಿದ್ಯಾಲಯದಲ್ಲಿ 1963ರಲ್ಲಿ ಹಂಗೇರಿಯನ್ ವಿಭಾಗವನ್ನೂ ತೆರೆದರು. ಆದರೆ ಆ ಶಾಲೆಗಳಲ್ಲಿ ಎರಡನೆಯ ಭಾಷೆಯಾಗಿ ಕಲಿಸಿದ್ದು ಉಕ್ರೇನಿಯನ್ ಅಲ್ಲ, ರಷ್ಯನ್. ದೊಡ್ಡ ದೇಶದ ದೊಡ್ಡ ಭಾಷೆ ಅದು ತಾನೆ. 1991ರಲ್ಲಿ ಆ ದೊಡ್ಡ ದೇಶ ಮಾಯವಾಯಿತು. ಮರುದಿನದಿಂದ ಕಚೇರಿ, ಕೋರ್ಟು, ಸೇನೆ ಎಲ್ಲ ಉಕ್ರೇನಿಯನ್. ಹಳ್ಳಿಯ ಹಂಗೇರಿಯನ್ ಶಾಲೆಯಲ್ಲಿ ಅದನ್ನು ಕಲಿಸಲು ತಯಾರಾದ ಶಿಕ್ಷಕರಿರಲಿಲ್ಲ, ಹಂಗೇರಿಯನ್ ಮಕ್ಕಳಿಗೆಂದೇ ಬರೆದ ಪಠ್ಯವಿರಲಿಲ್ಲ, ನಿಘಂಟಿರಲಿಲ್ಲ. ಮನೆಯಲ್ಲಿ ಉಕ್ರೇನಿಯನ್ ಆಡುವ ಮಗುವಿಗೆ ಬರೆದ ಪುಸ್ತಕವನ್ನೇ ಒಂದು ಅಕ್ಷರವೂ ಅರ್ಥವಾಗದ ಮಗುವಿನ ಮುಂದೆ ಇಟ್ಟರು. ಹಂಗೇರಿಯನ್ ಭಾಷೆಗೂ ಉಕ್ರೇನಿಯನ್ನಿಗೂ ಬಾದರಾಯಣ ಸಂಬಂಧವೂ ಇಲ್ಲ. ಒಂದು ಉರಾಲಿಕ್ ಕುಲದ್ದು, ಇನ್ನೊಂದು ಸ್ಲಾವಿಕ್. (ಅಂದ ಹಾಗೆ ಹಂಗೇರಿಯನ್ನಿನ ಸ್ವಭಾವ ಕೊಂಚ ನಮ್ಮ ಕನ್ನಡದ್ದೇ. ‘ಹಾಜ್’ ಎಂದರೆ ಮನೆ, ‘ಹಾಜ್‌ಬನ್’ ಎಂದರೆ ಮನೆಯಲ್ಲಿ. ನಮ್ಮಂತೆ ಬಾಲಕ್ಕೆ ಪ್ರತ್ಯಯ ಅಂಟಿಸುತ್ತಾರೆ. ಹೆಸರಿನಲ್ಲೂ ಮನೆತನದ್ದು ಮೊದಲು, ತನ್ನದು ಆಮೇಲೆ.)

ಇಷ್ಟಾಗಿ, 2008ರಿಂದ ವಿಶ್ವವಿದ್ಯಾಲಯಕ್ಕೆ ಸೇರಬೇಕಾದವರೆಲ್ಲ ಒಂದೇ ಪರೀಕ್ಷೆ ಬರೆಯಬೇಕು, ಅದರಲ್ಲಿ ಉಕ್ರೇನಿಯನ್ ಭಾಷೆ ಮತ್ತು ಸಾಹಿತ್ಯ ಕಡ್ಡಾಯ ಎಂದಾಯಿತು. ಪೂರ್ತಿ ಉಕ್ರೇನಿಯನ್ನಿನಲ್ಲೇ ಬೆಳೆದ ಹುಡುಗನಿಗೂ ಬೆರೆಹೊವೆಯ ಹಳ್ಳಿ ಹುಡುಗಿಗೂ ಒಂದೇ ಪ್ರಶ್ನೆಪತ್ರಿಕೆ. ಫಲಿತಾಂಶ ಏನಾಗಿರಬೇಕು, ಹೇಳಬೇಕೆ? ಬೆರೆಹೊವೆ ಕಡೆಯ ಶಾಲೆಗಳ ಮಕ್ಕಳು ಸಾಲುಸಾಲಾಗಿ ಬಿದ್ದರು. ಕೀವ್‌ನ ಮಂತ್ರಿಗಳು ಆ ಫಲಿತಾಂಶವನ್ನೇ ಎತ್ತಿ ತೋರಿಸಿದರು: ನೋಡಿ, ಮಾತೃಭಾಷೆಯ ಶಾಲೆ ಮಕ್ಕಳನ್ನು ಹಾಳುಮಾಡುತ್ತಿದೆ! 2017ರ ಸೆಪ್ಟೆಂಬರಿನಲ್ಲಿ ಹೊಸ ಶಿಕ್ಷಣ ಕಾನೂನು ಬಂತು. ಅದರ ಏಳನೆಯ ಕಲಮಿನ ಪ್ರಕಾರ ಅಲ್ಪಸಂಖ್ಯಾತರ ಭಾಷೆಯಲ್ಲಿ ಪೂರ್ತಿ ಕಲಿಯುವ ಹಕ್ಕು ಪ್ರಾಥಮಿಕ ಹಂತದವರೆಗೆ ಮಾತ್ರ. ಐದನೆಯ ಇಯತ್ತೆಯಿಂದ ಉಕ್ರೇನಿಯನ್ ಏರುತ್ತಾ ಹೋಗಬೇಕು. 2020ರ ಇನ್ನೊಂದು ಕಾನೂನಿನಲ್ಲಿ ಹಂಗೇರಿಯನ್ನಿನಂಥ ಯುರೋಪಿಯನ್ ಒಕ್ಕೂಟದ ಭಾಷೆಗಳಿಗೆ ಲೆಕ್ಕವನ್ನೂ ಬರೆದರು: ಐದನೆಯಲ್ಲಿ ಕನಿಷ್ಠ ಶೇಕಡಾ 20 ಉಕ್ರೇನಿಯನ್, ಒಂಬತ್ತನೆಯಲ್ಲಿ 40, ಹತ್ತರಿಂದ ಮೇಲೆ 60.

ಕಲಿಸುವ ರೀತಿ ತಪ್ಪಿದ್ದಕ್ಕೆ ಕಲಿಯುವ ಭಾಷೆಯನ್ನು ಅಪರಾಧಿ ಮಾಡುವುದು ನನಗೆ ಒಪ್ಪಿಗೆಯಾಗದ ಮಾತು. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನಾನು ಹತ್ತನೆಯವರೆಗೆ ಇದೇ ಮುಂಬಯಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು. ನಮ್ಮ ಶಾಲೆಯಲ್ಲಿ ಮರಾಠಿ ಇತ್ತು. ಆದರೆ ಮನೆಯಲ್ಲಿ ಮರಾಠಿ ಆಡುವ ಹುಡುಗರಿಗೆ ಕಲಿಸಿದ ಹಾಗೆಯೇ ನಮಗೂ ಕಲಿಸಿದರು. ಪದ್ಯ ಬಾಯಿಪಾಠ, ಅರ್ಥ ಬಾಯಿಪಾಠ, ಪರೀಕ್ಷೆ ಆದ ಮೇಲೆ ಎರಡೂ ಮಾಯ. ನನಗೆ ಮರಾಠಿ ಬಂದದ್ದು ಗಲ್ಲಿಯ ಕ್ರಿಕೆಟ್ಟಿನಿಂದ, ವಡಾಪಾವ್ ಗಾಡಿಯವನಿಂದ. ಶಾಲೆಯ ಹೊರಗೆ ಗಲ್ಲಿ ಇತ್ತು, ಬಚಾವಾದೆ. ಬೆರೆಹೊವೆಯ ಸುತ್ತಲಿನ ಹಳ್ಳಿಯಲ್ಲಿ ಗಲ್ಲಿಯೂ ಹಂಗೇರಿಯನ್, ಅಂಗಡಿಯೂ ಹಂಗೇರಿಯನ್, ಇಗರ್ಜಿಯೂ ಹಂಗೇರಿಯನ್, ಟಿವಿಯೂ ಬುಡಾಪೆಸ್ಟಿನದು. ಆ ಮಗು ಉಕ್ರೇನಿಯನ್ ಕಲಿಯಬೇಕಾದರೆ ಶಾಲೆಯಲ್ಲಿಯೇ, ಪರಭಾಷೆ ಕಲಿಸುವ ಕ್ರಮದಲ್ಲಿಯೇ ಕಲಿಯಬೇಕು. ನಾವು ಇಂಗ್ಲಿಷ್ ಕಲಿತಂತೆ: ಇದು ಪುಸ್ತಕ, ಅದು ಪೆನ್ಸಿಲ್, ಬಸ್ ನಿಲ್ದಾಣ ಎಲ್ಲಿದೆ. ಗಣಿತವನ್ನು ಉಕ್ರೇನಿಯನ್ನಿನಲ್ಲಿ ಹೇಳಿಬಿಟ್ಟರೆ ಉಕ್ರೇನಿಯನ್ ಬರುತ್ತದೆ ಅನ್ನುವುದು, ಈಜು ಬಾರದವನನ್ನು ಬಾವಿಗೆ ತಳ್ಳಿದರೆ ಈಜು ಬರುತ್ತದೆ ಅನ್ನುವ ಹಾಗೆ. ಕೆಲವರಿಗೆ ಬರುತ್ತೆ ನಿಜ. ಉಳಿದವರ ಮಾತೇನು?

ಕೀವ್‌ನವರ ಕಡೆಯೂ ಒಂದು ನ್ಯಾಯವಿದೆ. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ನುಂಗಿತು, ಪೂರ್ವದಲ್ಲಿ ಯುದ್ಧ ಹಚ್ಚಿತು, ‘ರಷ್ಯನ್ ಭಾಷಿಕರ ರಕ್ಷಣೆ’ ಎಂಬ ನೆಪ ಹೇಳಿತು. ಅಂಥ ನೆರೆ ಇದ್ದವರಿಗೆ ಭಾಷೆ ಎಂದರೆ ಗಡಿಯ ಕಾವಲು ಎಂದು ಕಂಡರೆ ಆಶ್ಚರ್ಯವಿಲ್ಲ. ನೂರಾರು ವರ್ಷ ತನ್ನದೇ ನೆಲದಲ್ಲಿ ಎರಡನೆಯ ದರ್ಜೆಯಲ್ಲಿದ್ದ ಭಾಷೆ ಅದು. ಕಾನೂನಿನ ಗುರಿ ರಷ್ಯನ್ ಆಗಿತ್ತು; ಏಟು ಹಂಗೇರಿಯನ್ ಶಾಲೆಗೂ ಬಿತ್ತು. ಬುಡಾಪೆಸ್ಟ್ ಇದನ್ನೇ ಹಿಡಿದುಕೊಂಡು 2017ರಿಂದ ವರ್ಷಗಟ್ಟಲೆ ನೇಟೊ ಕೂಟದಲ್ಲಿ ಉಕ್ರೇನಿನ ದಾರಿಗೆ ಅಡ್ಡಗಾಲು ಹಾಕಿತು. ಕೊನೆಗೆ 2023ರ ಡಿಸೆಂಬರಿನಲ್ಲಿ, ಯುರೋಪಿಯನ್ ಒಕ್ಕೂಟ ಸೇರುವ ಮಾತುಕತೆಯ ಹೊತ್ತಿನಲ್ಲಿ, ಉಕ್ರೇನ್ ಕಾನೂನನ್ನು ತಿದ್ದಿತು: ಒಕ್ಕೂಟದ ಭಾಷೆಗಳಲ್ಲಿ ಮೇಲಿನ ತರಗತಿಗಳಲ್ಲೂ ಕಲಿಸಬಹುದು, ಉಕ್ರೇನಿಯನ್ ಭಾಷೆ, ಸಾಹಿತ್ಯ, ಉಕ್ರೇನಿನ ಇತಿಹಾಸ, ದೇಶರಕ್ಷಣೆ ಇಷ್ಟು ವಿಷಯ ಮಾತ್ರ ಉಕ್ರೇನಿಯನ್ನಿನಲ್ಲಿ. ಈ ತಿದ್ದುಪಡಿಯನ್ನು ಆರು ವರ್ಷ ಮೊದಲೇ ಮಾಡಿದ್ದರೆ ಆಗುತ್ತಿರಲಿಲ್ಲವೆ?

ನಮ್ಮವರಿಗೆ ಇಲ್ಲೊಂದು ಮಾತು ಹೇಳಬೇಕು. 2017ರ ಕಾನೂನಿಗೆ ಯುರೋಪಿನಲ್ಲಿ ಅಷ್ಟು ದೊಡ್ಡ ಗದ್ದಲ ಆಯಿತಲ್ಲ, ಪ್ರಾಥಮಿಕ ಹಂತದವರೆಗೆ ಮಾತ್ರ ಮಾತೃಭಾಷೆ ಎಂದು? ನಮ್ಮ ಸಂವಿಧಾನದ 350ಎ ಕಲಮು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಹೇಳುವುದೂ ಪ್ರಾಥಮಿಕ ಹಂತವನ್ನೇ. 1956ರಲ್ಲಿ ಸೇರಿಸಿದ ಆ ಕಲಮಿನಲ್ಲಿ ರಾಜ್ಯಗಳು ‘ಪ್ರಯತ್ನ ಮಾಡಬೇಕು’ ಎಂದಿದೆ. ನಮ್ಮ ಹಣದಲ್ಲಿ ನಾವು ಶಾಲೆ ಕಟ್ಟಿಕೊಳ್ಳಲು 30ನೆಯ ಕಲಮು ಇದೆ, ಅದು ಬೇರೆ. ಅಲ್ಲಿ ಜನ ಬೀದಿಗಿಳಿದ ಸಂಗತಿಗೆ ಇಲ್ಲಿ ನಾವು ವಂದನೆ ಹೇಳಿ ಸುಮ್ಮನಿದ್ದೇವೆ.

ಪ್ರಾಥಮಿಕದ ಮೇಲೆ ಏನು ಎಂಬುದೇ ನಿಜವಾದ ಪ್ರಶ್ನೆ. ಬೆರೆಹೊವೆಯವರು ಅದಕ್ಕೆ ಕೊಟ್ಟ ಉತ್ತರ ನನಗೆ ಎಲ್ಲಕ್ಕಿಂತ ಹಿಡಿಸಿತು. 1996ರಲ್ಲಿ ಅಲ್ಲಿ ಎರಡನೆಯ ರಾಕೋತ್ಸಿ ಫೆರೆಂತ್ಸನ ಹೆಸರಿನಲ್ಲಿ ಒಂದು ಹಂಗೇರಿಯನ್ ಕಾಲೇಜು ಶುರುವಾಯಿತು. ಹಿಂದೆ ಜಿಲ್ಲಾ ನ್ಯಾಯಾಲಯವಾಗಿದ್ದ ದೊಡ್ಡ ಕಟ್ಟಡದಲ್ಲಿ ನಡೆಯುತ್ತದೆ. ಶಿಕ್ಷಕರ ತರಬೇತಿ, ಗಣಿತ, ಇತಿಹಾಸ ಇವೆಲ್ಲ ಸರಿ. ಅಲ್ಲಿ ಲೆಕ್ಕಪತ್ರ ಶಾಸ್ತ್ರದ ವಿಭಾಗವೂ ಇದೆ! ಬಹಳ ದೂರದಲ್ಲಿ ರಾಜಧಾನಿಯಿರುವವರಂತೆ ಅಳುತ್ತ ಕೂರದೆ, ಸಣ್ಣ ಊರಿನಲ್ಲಿ, ಜಮಾ ಖರ್ಚನ್ನು ತಮ್ಮ ಭಾಷೆಯಲ್ಲಿ ಕಲಿಸುತ್ತಿದ್ದಾರೆ. 1993ರಲ್ಲಿ ಶುರುವಾದ ಅವರ ಹಂಗೇರಿಯನ್ ನಾಟಕ ಕಂಪನಿಯ ಸಂಗತಿಯೂ ಹೀಗೆಯೇ. 1847ರಲ್ಲಿ ಕವಿ ಪೆತೊಫಿ ತಂಗಿದ್ದ ಹಳೆಯ ಹೊಟೇಲಿನ ಕಟ್ಟಡದಲ್ಲಿದೆ ಅದು. ಅದರ ನಟರು ತರಬೇತಾದದ್ದು ಎಲ್ಲಿ? ಕೀವ್‌ನ ನಾಟಕ ಸಂಸ್ಥೆಯಲ್ಲಿ ತೆರೆದ ಹಂಗೇರಿಯನ್ ತರಗತಿಯಲ್ಲಿ. ರಾಜಧಾನಿಗೆ ಮನಸ್ಸಿದ್ದ ಕಾಲದಲ್ಲಿ ಇದೂ ಆಗಿತ್ತು ಎಂಬುದಕ್ಕೆ ಹೇಳಿದೆ.

ಲೆಕ್ಕಪತ್ರದ ಮಾತು ನಾನು ಸುಮ್ಮನೆ ಎತ್ತಲಿಲ್ಲ. ಹತ್ತನೆಯ ನಂತರ ಕಾಮರ್ಸಿಗೆ ಬಂದಾಗ ಮೊದಲ ದಿನವೇ ಬೋರ್ಡಿನ ಮೇಲೆ ಡೆಬಿಟ್, ಕ್ರೆಡಿಟ್, ಜರ್ನಲ್, ಲೆಡ್ಜರ್. ಮೂರು ತಿಂಗಳು ನನಗೆ ತಲೆಬುಡ ತಿಳಿಯಲಿಲ್ಲ. ಪಾಠ ಮಾಡುವವರೊಬ್ಬರು ಎಲ್ಲರೆದುರು “ವರ್ನಾಕ್ಯುಲರ್‌ನಿಂದ ಬಂದವರು ಆರ್ಟ್ಸಿಗೆ ಹೋಗಬಾರದೇ” ಅಂದರು. ಆರ್ಟ್ಸ್ ಓದುವ ಗೆಳೆಯರೂ ಇದನ್ನು ಗಮನಿಸಬೇಕು, ಬೈದದ್ದು ಇಬ್ಬರನ್ನೂ. ದೀಪಾವಳಿಗೆ ಅಕ್ಕಲಕೋಟಕ್ಕೆ ಹೋದಾಗ ಸೋದರಮಾವನ ಕಿರಾಣಿ ಅಂಗಡಿಯಲ್ಲಿ ಕೂತೆ. ಮಾವ ಏಳನೆಯ ಇಯತ್ತೆ. ಕೆಂಪು ರಟ್ಟಿನ ಕಿರ್ದಿ ತೆಗೆದು ತೋರಿಸಿದ: ಎಡಕ್ಕೆ ಜಮೆ, ಬಲಕ್ಕೆ ಖರ್ಚು, ದಿನದ ಕೊನೆಗೆ ಶಿಲ್ಕು, ಅಲ್ಲಿಂದ ಒಬ್ಬೊಬ್ಬರ ಹೆಸರಿನ ಖಾತೆಗೆ ಖತಾವಣಿ, ವರ್ಷದ ಕೊನೆಗೆ ಅಢಾವೆ. ಅರ್ಧ ತಾಸಿನಲ್ಲಿ ಜರ್ನಲ್ಲೂ ಲೆಡ್ಜರೂ ಬ್ಯಾಲೆನ್ಸ್ ಶೀಟೂ ತಲೆಗೆ ಹೊಕ್ಕವು. ನಮಗೆ ಶಬ್ದ ಇಲ್ಲ ಅನ್ನುವುದು ಸುಳ್ಳು. ಶಬ್ದ ಅಂಗಡಿಯಲ್ಲಿದೆ, ಕಾಲೇಜಿನಲ್ಲಿ ಇಲ್ಲ. ಕನ್ನಡದಲ್ಲಿ ನಾವು ಮೇಲಕ್ಕೆ ಒಯ್ದದ್ದು ಕವಿತೆಯನ್ನು, ಭಾವಗೀತೆಯನ್ನು, ರಾಜ್ಯೋತ್ಸವದ ಮೆರವಣಿಗೆಯನ್ನು. ಕಿರ್ದಿಯನ್ನು ಹಳ್ಳಿಯಲ್ಲೇ ಬಿಟ್ಟು ಬಂದೆವು. ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಹೀಗೆ ಬರೆಯುವುದು ಉದ್ಧಟತನವಾದರೆ ಸಂಪಾದಕರು ಈ ಸಾಲುಗಳನ್ನು ಹೊಡೆದುಹಾಕಬಹುದು.

ಇನ್ನು ಹಣದ ಮಾತು, ಕಾಮರ್ಸಿನವನಾಗಿ ಬಿಡಲಾರೆ. ಬೆರೆಹೊವೆಯ ಶಾಲೆ ಕಾಲೇಜುಗಳ ಹಿಂದೆ ಬುಡಾಪೆಸ್ಟಿನ ಖಜಾನೆ ನಿಂತಿದೆ. ಹಂಗೇರಿಯನ್ ಶಾಲೆಗೆ ಮಕ್ಕಳನ್ನು ಕಳಿಸುವ ತಂದೆ ತಾಯಿಗೆ ಅಲ್ಲಿಂದ ಸಹಾಯಧನ ಬರುತ್ತಿತ್ತು; ಶಿಕ್ಷಕರಿಗೂ ಬಂತು. ಅದರಿಂದ ಉಕ್ರೇನಿಯನ್ ಮನೆಯ ಮಕ್ಕಳೂ ಹಂಗೇರಿಯನ್ ಶಾಲೆಗೆ ಸೇರಿದ್ದುಂಟು. 2011ರಿಂದ ಹೊರಗಿನ ಹಂಗೇರಿಯನ್ನರಿಗೆ ಸುಲಭವಾಗಿ ಹಂಗೇರಿಯ ಪೌರತ್ವ ಕೊಡತೊಡಗಿದರು. ಪೌರತ್ವದ ಜೊತೆಗೆ ಯುರೋಪಿನಲ್ಲೆಲ್ಲ ದುಡಿಯುವ ಪಾಸ್‌ಪೋರ್ಟು, ಹಂಗೇರಿಯ ಚುನಾವಣೆಯಲ್ಲಿ ವೋಟು. ಆಗ ಉಕ್ರೇನ್ ಎರಡು ದೇಶದ ಪೌರತ್ವವನ್ನು ಒಪ್ಪುತ್ತಿರಲಿಲ್ಲ. 2018ರಲ್ಲಿ ಬೆರೆಹೊವೆಯ ಹಂಗೇರಿಯನ್ ಕಾನ್ಸುಲೇಟಿನೊಳಗೆ ಜನ ಪೌರತ್ವದ ಪ್ರಮಾಣ ಮಾಡುವುದನ್ನು ಯಾರೋ ಗುಟ್ಟಾಗಿ ಚಿತ್ರ ತೆಗೆದರು. ಗಲಾಟೆಯಾಗಿ ಕೀವ್ ಅಲ್ಲಿನ ಕಾನ್ಸುಲರನ್ನು ದೇಶ ಬಿಡಿಸಿತು.

ಗಡಿಯಾಚೆಯ ಸರ್ಕಾರ ಕೊಟ್ಟ ದುಡ್ಡಿಗೆ ಶಾಲೆಗಳು ಉಳಿದವು, ಸರಿ. ಆದರೆ ಅದೇ ಪಾಸ್‌ಪೋರ್ಟು ಹಿಡಿದು ಪ್ರಾಯದವರೆಲ್ಲ ಊರು ಬಿಟ್ಟರು. ದ್ರಾಕ್ಷಿ ತೋಟ, ವೈನು, ಬಿಸಿನೀರ ಬುಗ್ಗೆ, ನಾಡ್ಯ್‌ಬೆರೆಗ್‌ನಂಥ ಹಳ್ಳಿಯ ಹೆಂಗಸರ ನೇಯ್ಗೆ, ಇಷ್ಟರ ಆದಾಯ ಯುವಕರನ್ನು ಹಿಡಿದಿಡಲು 1990ರಿಂದಲೇ ಸಾಕಾಗಿರಲಿಲ್ಲ. ಗಡಿ ವ್ಯಾಪಾರ, ಹಂಗೇರಿಯಲ್ಲಿ ಕೂಲಿ, ಹೀಗೆ ನಡೆಯುತ್ತಿತ್ತು. 2022ರ ಯುದ್ಧ ಬಂದ ಮೇಲೆ 18ರಿಂದ 60ರ ಗಂಡಸರು ದೇಶ ಬಿಡಬಾರದೆಂದಾಯಿತು. ಎಷ್ಟೋ ಮಂದಿ ಅದಕ್ಕೆ ಮುಂಚೆಯೇ ಆಚೆ ಇದ್ದರು, ಆಮೇಲೆ ಹೆಂಡಿರು ಮಕ್ಕಳೂ ಹೋದರು. ಉಳಿದವರಲ್ಲಿ ಕೆಲವರು ಸೇನೆಯಲ್ಲಿ ಸತ್ತರು, ಉಕ್ರೇನಿನ ಸಮವಸ್ತ್ರದಲ್ಲಿ, ಹಂಗೇರಿಯನ್ ಹೆಸರಿನಲ್ಲಿ. ಪೂರ್ವದಿಂದ ಮನೆ ಕಳಕೊಂಡ ಉಕ್ರೇನಿಯನ್ ಕುಟುಂಬಗಳು ಬಂದು ಊರಿನಲ್ಲಿ ನೆಲೆಸಿದವು. ಹಂಗೇರಿಯನ್ ಮಾತೇ ಕೇಳುತ್ತಿದ್ದ ಬೀದಿಗಳಲ್ಲಿ ಈಗ ಬೇರೆ ಮಾತೂ ಕೇಳುತ್ತದೆ. ಕಾನೂನು ಹೊರಿಸಲಾರದ್ದನ್ನು ಯುದ್ಧ ತಂದುಹಾಕಿತು. ಆ ಊರಲ್ಲಿ ಹಳಬರು ಯಾರಿಗಾದರೂ ಹೊತ್ತು ಗೊತ್ತುಮಾಡುವಾಗ “ನಮ್ಮ ಗಂಟೆಯೋ, ಕೀವ್ ಗಂಟೆಯೋ” ಎಂದು ಕೇಳುವ ರೂಢಿ ಇದೆ. ಹಂಗೇರಿಯ ಗಡಿಯಾರ ಒಂದು ತಾಸು ಹಿಂದೆ. ಹೊಸದಾಗಿ ಬಂದವರಿಗೆ ಈ ಪ್ರಶ್ನೆ ವಿಚಿತ್ರ ಅನ್ನಿಸಿರಬೇಕು.

ಕರ್ನಾಟಕ ಸರ್ಕಾರಕ್ಕೂ ಗಡಿ ಪ್ರದೇಶದ ಪ್ರಾಧಿಕಾರವೊಂದಿದೆ, ಹೊರಗಿನ ಕನ್ನಡ ಶಾಲೆಗಳಿಗೂ ಸಂಘಗಳಿಗೂ ಅನುದಾನ ಬರುತ್ತದೆ. ಬರಲಿ. ಆದರೆ ಅಕ್ಕಲಕೋಟದ ಕನ್ನಡ ಶಾಲೆಯ ಗೋಡೆಗೆ ಬೆಂಗಳೂರು ಸುಣ್ಣ ಬಳಿಸಬಹುದು. ಅಲ್ಲಿನ ಮಗುವಿಗೆ ಮರಾಠಿಯನ್ನು ಸರಿಯಾದ ಕ್ರಮದಲ್ಲಿ ಕಲಿಸುವ ಹೊಣೆ ಮುಂಬಯಿಯದು. 2020ರ ಕಾನೂನಿನಿಂದ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ನನಗೆ ಇದರಲ್ಲಿ ತಕರಾರಿಲ್ಲ. ಈ ನೆಲದ ಅನ್ನ ಉಂಡು ಈ ನೆಲದ ಮಾತು ಕಲಿಯಲಾರೆ ಅನ್ನುವುದು ಯಾವ ನ್ಯಾಯ? ಕಡ್ಡಾಯ ಮಾಡಿದವರು ಕನ್ನಡದ ಮಗುವಿಗೆಂದೇ ಬರೆದ ಮರಾಠಿ ಪುಸ್ತಕವನ್ನೂ ಕೊಡಲಿ ಅನ್ನುವುದಷ್ಟೇ ನನ್ನ ಬೇಡಿಕೆ. ಅಲ್ಲಿವರೆಗೆ ನಮ್ಮ ಸಂಘವೇ ರವಿವಾರಕ್ಕೊಂದು ತರಗತಿ ನಡೆಸಬಹುದು. ಎಂಟು, ಒಂಬತ್ತನೆಯ ಕನ್ನಡ ಶಾಲೆಯ ಮಕ್ಕಳಿಗೆ ಜಮಾ ಖರ್ಚು ಹೇಳಿಕೊಡಲು ನಾನು ತಯಾರು. ಮರಾಠಿ ಹೇಳಿಕೊಡುವವರು ಬೇಕಾಗಿದ್ದಾರೆ.

ಕೊನೆಯ ಮಾತು ಕೆಲವರಿಗೆ ರುಚಿಸಲಿಕ್ಕಿಲ್ಲ. ಹಂಗೇರಿಯನ್ನರು ಈಗ ಅನ್ಯಾಯ ಅನ್ಯಾಯ ಎಂದು ಕೂಗುತ್ತಾರಲ್ಲ, ಅವರದೇ ರಾಜ್ಯವಿದ್ದಾಗ ಏನು ಮಾಡಿದರು? 1907ರಲ್ಲಿ ಶಿಕ್ಷಣ ಮಂತ್ರಿ ಅಪ್ಪೊನ್ಯಿ ತಂದ ಕಾನೂನು ರುಥೇನಿಯನ್, ಸ್ಲೊವಾಕ್, ರುಮೇನಿಯನ್ ಮಕ್ಕಳ ಶಾಲೆಗಳಲ್ಲಿ ಹಂಗೇರಿಯನ್ನನ್ನು ಹೇರಿತು. ನಾಲ್ಕನೆಯ ಇಯತ್ತೆ ಮುಗಿಯುವಷ್ಟರಲ್ಲಿ ಮಗು ಹಂಗೇರಿಯನ್ ಮಾತಾಡಬೇಕು, ಬರೆಯಬೇಕು, ಇಲ್ಲದಿದ್ದರೆ ಶಾಲೆಯ ಅನುದಾನಕ್ಕೆ ಕುತ್ತು. ಇವತ್ತು ಬೆರೆಹೊವೆಯ ಸುತ್ತ ಉಕ್ರೇನಿಯನ್ ಆಡುವವರ ಮುತ್ತಜ್ಜಂದಿರು ಅಂಥ ಶಾಲೆಯಲ್ಲಿ ಏಟು ತಿಂದವರು. ಬಹುಸಂಖ್ಯೆ ಎಂಬುದು ಗಡಿಗೆರೆಯ ಜೊತೆ ಸರಿದಾಡುತ್ತದೆ.

ಹಾಗಾದರೆ ಬೆಳಗಾವಿಯ ಮರಾಠಿ ಮಗುವಿನ ಮಾತೇನು? ಅಕ್ಕಲಕೋಟಕ್ಕೆ ನಾವು ಕೇಳುವುದನ್ನು ಬೆಳಗಾವಿಗೆ ಕೊಡಲು ತಯಾರಿದ್ದೇವೆಯೆ? ಅಲ್ಪಸಂಖ್ಯಾತರು ಶೇಕಡಾ 15ಕ್ಕೆ ಮೇಲ್ಪಟ್ಟ ಕಡೆ ಸರ್ಕಾರದ ಮುಖ್ಯ ಕಾಗದಗಳು ಅವರ ಭಾಷೆಯಲ್ಲೂ ಸಿಗಬೇಕೆಂದು 1956ರಿಂದ ಒಪ್ಪಿದ ಕ್ರಮವಿದೆ. ಅದನ್ನು ಅಕ್ಕಲಕೋಟದಲ್ಲಿ ನೆನಪಿಸುವ ನಾವು ಬೆಳಗಾವಿಯಲ್ಲಿ ಯಾರಾದರೂ ನೆನಪಿಸಿದರೆ ‘ನಾಡದ್ರೋಹಿ’ ಅನ್ನುತ್ತೇವೆ. ಬೆಳಗಾವಿ ಕರ್ನಾಟಕದ್ದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅಲ್ಲಿಯ ಮಗು ಕನ್ನಡ ಕಲಿಯಲೇಬೇಕು ಎಂಬುದರಲ್ಲೂ ಇಲ್ಲ. ಆದರೆ ಆ ಮಗುವಿಗೆ ಕನ್ನಡವನ್ನು ಪರಭಾಷೆಯ ಕ್ರಮದಲ್ಲಿ ಪ್ರೀತಿಯಿಂದ ಕಲಿಸುವ ಪುಸ್ತಕ ನಮ್ಮಲ್ಲಿ ತಯಾರಿದೆಯೆ, ಮತ್ತು ಅದರ ತಾಯಿಗೆ ರೇಶನ್ ಕಚೇರಿಯ ಕಾಗದ ಮರಾಠಿಯಲ್ಲೂ ಸಿಗಬೇಕೋ ಬೇಡವೋ? ಈ ಎರಡು ಪ್ರಶ್ನೆಗೆ ನಮ್ಮ ಸಂಘದಲ್ಲಿ ಯಾರಾದರೂ ಉತ್ತರ ಬರೆಯುವುದಿದ್ದರೆ ಮುಂದಿನ ಸಂಚಿಕೆಗೆ ಬರೆಯಲಿ. ನನ್ನನ್ನು ಬೈದು ಬರೆದರೂ ಅಡ್ಡಿಯಿಲ್ಲ.